ಬಿಟ್ಟ ಭರತನಾಟ್ಯ, ಏರಿದ ತೂಕ, ನೋಯುವ ಮಂಡಿ: 42ರಲ್ಲಿ ಮತ್ತೆ ಗೆಜ್ಜೆ ಕಟ್ಟಬಹುದೇ?

ಪ್ರಶ್ನೆ: ನನಗೆ 42 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಏಳನೇ ವಯಸ್ಸಿನಿಂದ ಭರತನಾಟ್ಯ ಕಲಿತೆ. ಸೀನಿಯರ್ ಪರೀಕ್ಷೆ ಮುಗಿಸಿದೆ, 19ಕ್ಕೆ ರಂಗಪ್ರವೇಶವೂ ಆಯಿತು. 24ಕ್ಕೆ ಮದುವೆ. ಆಮೇಲೆ ಗೆಜ್ಜೆ ಪೆಟ್ಟಿಗೆ ಸೇರಿತು. ಇಬ್ಬರು ಮಕ್ಕಳು. ಆಗ 50 ಕೆ.ಜಿ. ಇದ್ದವಳು ಈಗ 72. ಎತ್ತರ 5 ಅಡಿ 2 ಇಂಚು.

ಇನ್ನು ಎಂಟು ತಿಂಗಳಿಗೆ ನಮ್ಮ ಗುರುಗಳ ನೃತ್ಯಶಾಲೆಗೆ 40 ವರ್ಷ ತುಂಬುತ್ತದೆ. ಹಳೆಯ ಶಿಷ್ಯೆಯರೆಲ್ಲ ಒಂದೊಂದು ನೃತ್ಯ ಮಾಡಲೇಬೇಕು ಎಂದು ಕರೆದಿದ್ದಾರೆ. ಖುಷಿಯಲ್ಲಿ ಮನೆಯ ಹಾಲ್‌ನಲ್ಲೇ ದಿನಾ ಒಂದೂವರೆ ಗಂಟೆ ಅಡವುಗಳ (ನೃತ್ಯದ ಮೂಲ ಹೆಜ್ಜೆಗಳ) ಅಭ್ಯಾಸ ಶುರು ಮಾಡಿದೆ. ನಾಲ್ಕೇ ದಿನಕ್ಕೆ ಎಲ್ಲ ಅಡವೂ ನೆನಪಾಯಿತು. ಹನ್ನೆರಡನೇ ದಿನಕ್ಕೆ ಬಲ ಮಂಡಿ ಹಿಡಿದುಕೊಂಡಿತು. ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ. ಎಕ್ಸ್‌ರೇ ನೋಡಿದ ವೈದ್ಯರು 'ಮಂಡಿ ಸ್ವಲ್ಪ ಸವೆದಿದೆ, ನೆಲದ ಮೇಲೆ ಕೂರಬೇಡಿ, ಡಾನ್ಸ್ ಮರೆತುಬಿಡಿ' ಎಂದರು. ಜಿಮ್‌ಗೆ ಹೋದರೆ 'ನೀವು ಡಾನ್ಸರ್ ಅಲ್ವಾ, ನಿಮಗೇನು ಕಷ್ಟ' ಎಂದು ಮೊದಲ ದಿನವೇ 100 ಬಸ್ಕಿ ಹೊಡೆಸಿದರು. ಮೂರು ದಿನ ಎದ್ದು ಕೂರುವುದೇ ಕಷ್ಟವಾಯಿತು.

ರಂಗಪ್ರವೇಶದ ಮುಂಚೆ ಅನ್ನ ಬಿಟ್ಟು ಹಾಲು ಹಣ್ಣಿನಲ್ಲಿ ಇದ್ದು 6 ಕೆ.ಜಿ. ಇಳಿಸಿದ್ದೆ. ಆಗ ನಾಲ್ಕೈದು ತಿಂಗಳು ಮುಟ್ಟು ಕೂಡ ಬರಲಿಲ್ಲ, ಅಷ್ಟು ಶ್ರದ್ಧೆ ಇತ್ತು. ಈಗ ರಾತ್ರಿ ಊಟ ಬಿಟ್ಟು ಪಪ್ಪಾಯಿ ತಿಂದರೂ ತೂಕ ಇಳಿಯುತ್ತಿಲ್ಲ. ಇನ್ನೊಂದು ವಿಷಯ. ಪಾದವನ್ನು ಜೋರಾಗಿ ನೆಲಕ್ಕೆ ತಟ್ಟಿದರೆ ಸ್ವಲ್ಪ ಮೂತ್ರ ಸೋರುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.

ಮೊದಲು ತೂಕ ಇಳಿಸಬೇಕೇ? ನೃತ್ಯವೇ ವ್ಯಾಯಾಮವಾಗಿ ಸಾಲದೇ? ಚಿಕ್ಕಂದಿನ ಅರೆಮಂಡಿಯೇ (ಮಂಡಿ ಹೊರಕ್ಕೆ ತಿರುಗಿಸಿ ಅರ್ಧ ಕೂರುವ ಭಂಗಿ) ಮಂಡಿ ಹಾಳು ಮಾಡಿತೇ? ಅಥವಾ ವಾಕಿಂಗ್ ಮಾಡಿಕೊಂಡು ಸುಮ್ಮನಿರಲೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನಾನು ಎರಡು ಸಲ ಓದಿದೆ. 'ನಾಲ್ಕೇ ದಿನಕ್ಕೆ ಎಲ್ಲ ಅಡವೂ ನೆನಪಾಯಿತು.' ನಿಮಗೆ ಖುಷಿ ಕೊಟ್ಟ ಸಾಲು ಅದು. ನೋವಿನ ಬೇರು ಇರುವುದೂ ಅಲ್ಲೇ.

ನಾನು ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. 20 ವರ್ಷಗಳಿಂದ ಆಟಗಾರರನ್ನೂ ನೃತ್ಯಗಾರರನ್ನೂ ನೋಡುತ್ತಿದ್ದೇನೆ. ನಿಮ್ಮ ಥರದವರು, ಅಂದರೆ ಚಿಕ್ಕಂದಿನಲ್ಲಿ ಚೆನ್ನಾಗಿ ಕಲಿತು, ಮದುವೆ ಮಕ್ಕಳು ಕೆಲಸ ಎಂದು ಬಿಟ್ಟು, ನಲವತ್ತರ ಆಸುಪಾಸಿನಲ್ಲಿ ಮತ್ತೆ ಗೆಜ್ಜೆ ಎತ್ತಿಕೊಂಡವರು, ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಹೆಚ್ಚಿನವರ ಕತೆ ಒಂದೇ. ಮೊದಲ ವಾರ ಸಂಭ್ರಮ, ಎರಡನೇ ವಾರ ನೋವು, ಮೂರನೇ ವಾರ 'ನನ್ನ ಕಾಲ ಮುಗಿಯಿತು' ಎನ್ನುವ ಬೇಸರ. ಈ ಬೇಸರಕ್ಕೆ ಕಾರಣವೇ ಇಲ್ಲ.

ಅಡವುಗಳು ನೆನಪಿರುವುದು ಮೆದುಳಿನಲ್ಲಿ. ಸಾವಿರಾರು ಸಲ ಹಾಕಿದ ತಟ್ಟಡವು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸೈಕಲ್ ತುಳಿಯುವುದು ಮರೆತುಹೋಗುವುದಿಲ್ಲವಲ್ಲ, ಹಾಗೆಯೇ. ಹದಿನೆಂಟು ವರ್ಷದ ಮೇಲೂ ನಾಲ್ಕು ದಿನದಲ್ಲಿ ವಾಪಸ್ ಬರುತ್ತದೆ. ಉಸಿರು ಮತ್ತು ಹೃದಯದ ದಮ್ಮು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಸ್ನಾಯುಗಳಿಗೆ ಎರಡು ಮೂರು ತಿಂಗಳು ಬೇಕು. ಆದರೆ ಸ್ನಾಯುವನ್ನು ಮೂಳೆಗೆ ಬಿಗಿದು ಕಟ್ಟುವ ಹುರಿ ಇದೆಯಲ್ಲ, ನಾವು ಟೆಂಡನ್ ಎನ್ನುತ್ತೇವೆ, ಅದು ಎಲ್ಲಕ್ಕಿಂತ ನಿಧಾನ. ನಮ್ಮ ಕಡೆ ಇದನ್ನೂ 'ನರ' ಎಂದೇ ಕರೆಯುತ್ತಾರೆ. ರಕ್ತ ಓಡಾಟ ಅಲ್ಲಿ ಕಡಿಮೆ. ಹೊಸ ಭಾರಕ್ಕೆ ಒಗ್ಗಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೂಳೆಯೂ ಹಾಗೆಯೇ.

ಅಂದರೆ ಏನಾಯಿತು? ನಿಮ್ಮ ತಲೆ 19ರ ಹುಡುಗಿಯ ನೃತ್ಯವನ್ನು ನಾಲ್ಕು ದಿನದಲ್ಲಿ ಹೊರಗೆ ತೆಗೆಯಿತು. ಅದನ್ನು ಹೊತ್ತಿದ್ದು 18 ವರ್ಷ ಕುರ್ಚಿಯಲ್ಲಿ ಕೂತ ಕಾಲು. ಜೊತೆಗೆ 22 ಕೆ.ಜಿ. ಹೆಚ್ಚು ಭಾರ. ಅದೂ ಟೈಲ್ಸ್ ನೆಲದ ಮೇಲೆ, ದಿನಾ ಒಂದೂವರೆ ಗಂಟೆ, ಒಂದು ದಿನವೂ ಬಿಡುವಿಲ್ಲದೆ. ನೃತ್ಯ ಗೊತ್ತಿಲ್ಲದ ಹೆಂಗಸು ಹೊಸದಾಗಿ ತರಗತಿಗೆ ಸೇರಿದ್ದರೆ ಹೀಗಾಗುತ್ತಿರಲಿಲ್ಲ. ಅವರಿಗೆ ಅಷ್ಟು ಜೋರಾಗಿ ತಟ್ಟಲು ಬರುವುದೇ ಇಲ್ಲ.

ಕಳೆದ ವರ್ಷ ಒಬ್ಬರು ಬಂದಿದ್ದರು. ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. 'ಒಂದು ಸಲ ಅಡವು ಹಾಕಿ ತೋರಿಸಿ' ಎಂದೆ. ತೈಯಾ ತೈ ಎಂದು ಶುರು ಮಾಡಿದರು. ಬೆನ್ನು ನೆಟ್ಟಗೆ, ಕೈ ಚಾಚಿದ್ದು ಒಂದೇ ಗೆರೆ, ಕಣ್ಣಲ್ಲಿ ಹೊಳಪು. ನೋಡಿದವರು ಇವರು ಬಿಟ್ಟೇ ಇಲ್ಲ ಎನ್ನಬೇಕು. ಆಮೇಲೆ ಗೋಡೆಗೆ ಬೆರಳು ತಾಗಿಸಿ, ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಲು ಹೇಳಿದೆ. ಎಡಗಾಲಲ್ಲಿ 11 ಆಯಿತು. ಬಲಗಾಲಲ್ಲಿ 6ಕ್ಕೆ ಮೀನಖಂಡ ಗಡಗಡ ನಡುಗಿ ನಿಂತುಹೋಯಿತು. ಈ ವಯಸ್ಸಿನಲ್ಲಿ 20 ದಾಟಬೇಕು. ಅವರು ತಮ್ಮ ಕಾಲನ್ನೇ ನೋಡುತ್ತಾ 'ಇದು ನನ್ನ ಕಾಲೇ?' ಎಂದು ಕೇಳಿದರು. ಅವರಿಗೆ ಆ ದಿನ ಅರ್ಥವಾಗಿದ್ದನ್ನು ನಾನು ನಿಮಗೆ ಇಲ್ಲಿ ಹೇಳುತ್ತಿದ್ದೇನೆ. ನೃತ್ಯಕ್ಕೆ ನೀವು ಹಳಬರು, ಭಾರ ಹೊರುವುದಕ್ಕೆ ಹೊಸಬರು.

ಮಂಡಿ ನಿಜವಾಗಿ ಸವೆದಿದೆಯೇ?

'ಸವೆತ' ಎಂಬ ಮಾತು ನಮ್ಮ ಜನರನ್ನು ನೋವಿಗಿಂತ ಜಾಸ್ತಿ ಹೆದರಿಸಿದೆ. ಟೈರ್ ಸವೆದ ಹಾಗೆ, ಬಳಸಿದಷ್ಟೂ ಕಡಿಮೆಯಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಕೀಲು ಟೈರ್ ಅಲ್ಲ, ಜೀವ ಇರುವ ಅಂಗ. ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಭಾರ ಬಿದ್ದು ಎದ್ದಾಗ, ಸ್ಪಂಜು ಹಿಂಡಿ ಬಿಟ್ಟ ಹಾಗೆ, ಕೀಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಹಾಗಾಗಿ ಪೂರ್ತಿ ಬಿಟ್ಟು ಕೂತರೆ ಮಂಡಿಗೆ ಒಳ್ಳೆಯದಾಗುವುದಿಲ್ಲ. ನಲವತ್ತು ದಾಟಿದ ಎಷ್ಟೋ ಜನರ ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಸ್ವಲ್ಪ ಬದಲಾವಣೆ ಕಾಣುತ್ತದೆ, ಅವರಿಗೆ ನೋವೇ ಇರುವುದಿಲ್ಲ. ಮಂಡಿ ಲಟಲಟ ಎನ್ನುವುದೂ ಅಷ್ಟೆ. ನೋವು, ಊತ ಇಲ್ಲದ ಶಬ್ದಕ್ಕೆ ಹೆದರಬೇಡಿ.

ನಿಮ್ಮನ್ನು ಕೈಯಿಂದ ಮುಟ್ಟಿ ಪರೀಕ್ಷೆ ಮಾಡದೆ ನಾನು ಖಚಿತವಾಗಿ ಹೇಳಬಾರದು. ಆದರೆ ಮೆಟ್ಟಿಲು ಇಳಿಯುವಾಗ ನೋವು, ಅಭ್ಯಾಸ ದಿಢೀರ್ ಏರಿಸಿದ ಮೇಲೆ ಶುರುವಾದದ್ದು, ಇವೆರಡೂ ಮಂಡಿಚಿಪ್ಪಿನ ಸುತ್ತಲಿನ ನೋವಿನ ಕಡೆಗೆ ಬೆರಳು ತೋರಿಸುತ್ತವೆ. ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು ಪಾದದ ಅಡಿಯ ದಪ್ಪ ಪಟ್ಟಿಗೆ ಪೆಟ್ಟಾದದ್ದರ ಲಕ್ಷಣ. ಎರಡೂ ವಾಸಿಯಾಗುವಂಥವು. ಎರಡಕ್ಕೂ ಸಮಯ ಬೇಕು.

ಇನ್ನು ಅರೆಮಂಡಿ. ಅರೆಮಂಡಿ ತಾನಾಗಿಯೇ ಮಂಡಿ ಹಾಳು ಮಾಡುವುದಿಲ್ಲ. ತೊಡೆಗಳು ಹೊರಕ್ಕೆ ತಿರುಗುವುದು ಸೊಂಟದ ಕೀಲಿನಿಂದ ಆಗಬೇಕು. ಆ ಕೀಲು ಎಷ್ಟು ತಿರುಗುತ್ತದೆ ಎನ್ನುವುದು ಹುಟ್ಟಿನಿಂದ ಬಂದ ಮೂಳೆಯ ಆಕಾರದ ಮೇಲಿದೆ. ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಸೊಂಟ ತಿರುಗದಿದ್ದರೂ ಪಾದ ಪೂರ್ತಿ ಹೊರಗೆ ಇರಬೇಕು ಎಂದು ಒತ್ತಾಯ ಮಾಡಿದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ನೀವೇ ನೋಡಿಕೊಳ್ಳಬಹುದು. ಅರೆಮಂಡಿಯಲ್ಲಿ ಕೂತು ಮಗಳ ಕೈಲಿ ಮುಂದಿನಿಂದ ಒಂದು ವಿಡಿಯೋ ತೆಗೆಸಿ. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ದಿಕ್ಕಿಗೇ ನೋಡುತ್ತಿದ್ದರೆ ಸರಿ. ಚಿಪ್ಪು ಒಳಗಡೆಗೆ, ಪಾದ ಹೊರಗಡೆಗೆ ಇದ್ದರೆ ಪಾದವನ್ನು ಅಷ್ಟು ತಿರುಗಿಸಬೇಡಿ. ಕೂರುವ ಆಳವನ್ನೂ ಕಡಿಮೆ ಮಾಡಿ. ಮಂಡಿ ಮಡಿಸಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಅರೆಮಂಡಿ ಸ್ವಲ್ಪ ಎತ್ತರವಾದರೆ ಗುರುಗಳು ಕ್ಷಮಿಸುತ್ತಾರೆ, ಮಂಡಿ ಕ್ಷಮಿಸುವುದಿಲ್ಲ.

ನೆಲದ ಮೇಲೆ ಕೂರಬೇಡಿ ಎಂದಿದ್ದಾರಲ್ಲ, ನೋವು ಇರುವ ಕೆಲವು ವಾರಕ್ಕೆ ಸರಿ. ಜೀವನಪೂರ್ತಿಗೆ ಅಲ್ಲ. ಕೂತು ಏಳುವ ಶಕ್ತಿ ಕಳೆದುಕೊಂಡರೆ ಅರವತ್ತು ದಾಟಿದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮಂಡಿ ಊದಿಕೊಂಡರೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ನೇರ ಆಗದಿದ್ದರೆ, ನಡೆಯುವಾಗ ಕುಸಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಇಲ್ಲವೇ ಪಾದದ ಅಥವಾ ಕಣಕಾಲಿನ ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ಒತ್ತಿದರೆ ನೋವಾದರೆ, ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕೊನೆಯದು ಮೂಳೆಯ ಕೂದಲೆಳೆ ಬಿರುಕು ಇರಬಹುದು.

ಆ ನಾಲ್ಕೈದು ತಿಂಗಳು

ರಂಗಪ್ರವೇಶದ ಮುಂಚೆ ಮುಟ್ಟು ನಿಂತಿದ್ದನ್ನು ನೀವು ಶ್ರದ್ಧೆಯ ಗುರುತು ಎಂದು ಬರೆದಿದ್ದೀರಿ. ಓದಿ ನನಗೆ ಸಂಕಟವಾಯಿತು. ಅದು ನಿಮ್ಮ ತಪ್ಪಲ್ಲ. ಆಗ ಯಾರೂ ಹೇಳಿರಲಿಲ್ಲ. ತಿನ್ನುವುದು ಕಡಿಮೆ, ದಣಿವು ಜಾಸ್ತಿ ಆದಾಗ ದೇಹ ಖರ್ಚು ಉಳಿಸಲು ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟು ಒಂದು. ಓಟಗಾರ್ತಿಯರಲ್ಲಿ, ಜಿಮ್ನಾಸ್ಟ್‌ಗಳಲ್ಲಿ, ನೃತ್ಯಗಾರ್ತಿಯರಲ್ಲಿ ಇದನ್ನು ಬಹಳ ಕಾಲದಿಂದ ನೋಡುತ್ತಿದ್ದೇವೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟು ಎಚ್ಚರಿಸಿತು. ಇದರ ಪೆಟ್ಟು ಮೂಳೆಗೂ ಬೀಳುತ್ತದೆ, ಏಕೆಂದರೆ ಮೂಳೆ ಗಟ್ಟಿಯಾಗುವ ಕಾಲ ಹದಿಹರೆಯ ಮತ್ತು ಇಪ್ಪತ್ತರ ದಶಕ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. ಆಮೇಲೆ ಮೂಳೆ ಇನ್ನಷ್ಟು ಬೇಗ ತೆಳುವಾಗುತ್ತದೆ. ಹಾಗಾಗಿ ಈ ಹಳೆಯ ವಿಷಯವನ್ನು ನಿಮ್ಮ ಸ್ತ್ರೀರೋಗ ತಜ್ಞರಿಗೆ ತಪ್ಪದೆ ಹೇಳಿ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಈಗಲೇ ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ನಿಮ್ಮ ಮಗಳೂ ನೃತ್ಯ ಕಲಿಯುತ್ತಿದ್ದರೆ, ಅವಳಿಗೆ ಈ ದಾರಿ ಬೇಡ.

ಈಗಿನ ಪಪ್ಪಾಯಿ ಊಟ ಅದೇ ಹಳೆಯ ಅಭ್ಯಾಸ. ಆಗ ತೂಕ ಇಳಿದದ್ದು ನಿಜ. ಇಳಿದದ್ದು ಬರೀ ಕೊಬ್ಬಲ್ಲ, ಸ್ನಾಯುವೂ ಸೇರಿತ್ತು. ನಲವತ್ತರಲ್ಲಿ ಸ್ನಾಯು ಕಳೆದುಕೊಳ್ಳುವುದು ದುಬಾರಿ. ಏನೂ ಮಾಡದೆ ಸುಮ್ಮನಿದ್ದರೇ ಮೂವತ್ತರ ನಂತರ ಹತ್ತು ವರ್ಷಕ್ಕೆ 3ರಿಂದ 8% ಸ್ನಾಯು ಕರಗುತ್ತದೆ. ಉಪವಾಸ ಅದಕ್ಕೆ ಇನ್ನಷ್ಟು ಕೈ ಸೇರಿಸುತ್ತದೆ.

ತೂಕದ ಬಗ್ಗೆ ಎರಡು ಮಾತು ಬಹಳ ಕೇಳಿಬರುತ್ತವೆ. ಡಾನ್ಸ್ ಬಿಟ್ಟರೆ ಮೈ ಊದುತ್ತದೆ, ಸ್ನಾಯುವೆಲ್ಲ ಕೊಬ್ಬಾಗುತ್ತದೆ ಎನ್ನುವುದು ಒಂದು. ಸ್ನಾಯು ಕೊಬ್ಬಾಗುವುದಿಲ್ಲ, ಅವೆರಡೂ ಬೇರೆ ಬೇರೆ. ಸ್ನಾಯು ಸೊರಗುತ್ತದೆ, ಅದೇ ಹೊತ್ತಿಗೆ ಕೊಬ್ಬು ಸೇರುತ್ತದೆ, ಅಷ್ಟೆ. ವಯಸ್ಸಾದ ಮೇಲೆ ಮೆಟಬಾಲಿಸಂ ನಿಧಾನವಾಯಿತು ಎನ್ನುವುದು ಇನ್ನೊಂದು. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದನ್ನು ನೋಡಿತು. ಮೈಕಟ್ಟಿನ ವ್ಯತ್ಯಾಸ ಕಳೆದು ನೋಡಿದರೆ 20ರಿಂದ 60 ವರ್ಷದವರೆಗೆ ದೇಹ ಸುಡುವ ಶಕ್ತಿ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ನಿಮ್ಮ ಲೆಕ್ಕ ತೆಗೆದುಕೊಳ್ಳಿ. 18 ವರ್ಷಕ್ಕೆ 22 ಕೆ.ಜಿ. ಎಂದರೆ ತಿಂಗಳಿಗೆ 100 ಗ್ರಾಂ. ಕ್ಯಾಲೊರಿಗೆ ತಿರುಗಿಸಿದರೆ ದಿನಕ್ಕೆ ಸುಮಾರು 25 ಉಳಿಕೆ, ಒಂದೂವರೆ ಚಮಚ ಸಕ್ಕರೆಯಷ್ಟು. ನೀವು ಹೊಟ್ಟೆಬಾಕರೂ ಅಲ್ಲ, ಸೋಮಾರಿಯೂ ಅಲ್ಲ. ನೃತ್ಯ ನಿಂತಿತು, ಕುರ್ಚಿ ಬಂತು, ಎರಡು ಬಾಣಂತನ ಆಯಿತು. ತೂಕ ಅಷ್ಟು ಮೆಲ್ಲಗೆ ಏರಿದೆ.

ಹಾಗಂತ ತೂಕ ಮುಖ್ಯವಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 29ರ ಹತ್ತಿರ ಇದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ನಮ್ಮ ಮೈಕಟ್ಟಿಗೆ ಸಕ್ಕರೆ ಕಾಯಿಲೆ ಬೇಗ ಅಂಟುತ್ತದೆ. ಹೊಟ್ಟೆಯ ಸುತ್ತಳತೆಯನ್ನೂ ನೋಡಿ, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಮಂಡಿಯ ಮಟ್ಟಿಗೂ ಲಾಭ ಇದೆ. ಮಂಡಿ ಸವೆತ ಇರುವ, ತೂಕ ಹೆಚ್ಚಿರುವ ಹಿರಿಯರಲ್ಲಿ ನೋಡಿದಾಗ, 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ.ಯಷ್ಟು ಕಡಿಮೆಯಾಗಿತ್ತು. ಆದರೆ ಎಂಟು ತಿಂಗಳಲ್ಲಿ ಮತ್ತೆ 50 ಆಗುವ ಹಟ ಬಿಡಿ. 72ರಿಂದ 66-67ಕ್ಕೆ ಬಂದರೆ ಸಾಕು. ಅಷ್ಟಕ್ಕೇ ಬಿ.ಪಿ., ಸಕ್ಕರೆ, ಮಂಡಿ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ.

ಯಾವ ದಾರಿ?

ಮೊದಲು ತೂಕ, ಆಮೇಲೆ ನೃತ್ಯ ಎನ್ನುವುದು ಒಂದು ದಾರಿ. ಕೇಳಲು ಜಾಣತನ ಅನ್ನಿಸುತ್ತದೆ. ನಾನು ಬೇಡ ಎನ್ನುತ್ತೇನೆ. ಬರೀ ಊಟ ಕಡಿಮೆ ಮಾಡಿದರೆ ಕಾಲು ಇನ್ನೂ ಸೊರಗುತ್ತದೆ. ತೂಕ ಇಳಿಸುವ ಇಂಜೆಕ್ಷನ್‌ಗಳು ಈಗ ಬಂದಿವೆ. ಅದು ವೈದ್ಯರು ನಿಮ್ಮ ಪೂರ್ತಿ ಆರೋಗ್ಯ ನೋಡಿ ತೀರ್ಮಾನಿಸುವ ವಿಷಯ. ಅದರಲ್ಲೂ ಕೊಬ್ಬಿನ ಜೊತೆ ಸ್ನಾಯು ಇಳಿಯುವ ಅಪಾಯ ಇದ್ದೇ ಇದೆ.

ನೃತ್ಯವೇ ವ್ಯಾಯಾಮ, ಅದೇ ಸಾಕು ಎನ್ನುವುದು ಇನ್ನೊಂದು. ಇದು ನೃತ್ಯಗಾರರ ನಡುವೆ ಬಹಳ ಗಟ್ಟಿಯಾಗಿ ಬೇರೂರಿರುವ ನಂಬಿಕೆ. ಒಂದು ತರಗತಿಯನ್ನು ನೆನಪು ಮಾಡಿಕೊಳ್ಳಿ. ಒಂದು ಅಡವು, ನಿಲ್ಲು, ಗುರುಗಳು ತಿದ್ದುತ್ತಾರೆ, ಮತ್ತೆ ಅಡವು. ಹೃದಯಕ್ಕೆ ಸತತವಾಗಿ ಕೆಲಸ ಬೀಳುವುದು ಕಡಿಮೆ. ವೇದಿಕೆಯಲ್ಲಿ ಅರ್ಧ ಗಂಟೆಯ ವರ್ಣಕ್ಕೆ, ಅಂದರೆ ಕಾರ್ಯಕ್ರಮದ ಅತಿ ಉದ್ದದ ನೃತ್ಯಕ್ಕೆ, ನಿಂತಾಗ ಮಾತ್ರ ದಮ್ಮು ಎಷ್ಟು ಬೇಕು ಎಂದು ಗೊತ್ತಾಗುತ್ತದೆ. ಅಡವುಗಳಲ್ಲಿ ತೊಡೆಯ ಮುಂಭಾಗಕ್ಕೆ ಕೆಲಸ ಜಾಸ್ತಿ, ತೊಡೆಯ ಹಿಂಭಾಗಕ್ಕೂ ಪೃಷ್ಠಕ್ಕೂ ಕಡಿಮೆ. ನೃತ್ಯ ಶಕ್ತಿಯನ್ನು ಖರ್ಚು ಮಾಡುತ್ತದೆ. ಗಳಿಕೆ ಬೇರೆ ಕಡೆಯಿಂದ ಬರಬೇಕು.

ನಮ್ಮಲ್ಲೇ ಇದಕ್ಕೆ ಹಳೆಯ ನಂಟು ಇದೆ ನೋಡಿ. ಭರತನಾಟ್ಯದ ಮೈಸೂರು ಶೈಲಿಗೆ ಹೆಸರು ತಂದ ಜಟ್ಟಿ ತಾಯಮ್ಮನವರು ಕುಸ್ತಿಪಟುವಿನ ಮಗಳು. ನೃತ್ಯ ಮತ್ತು ಗರಡಿ ಒಂದೇ ಮನೆಯಲ್ಲಿ ಇದ್ದವು. ನೃತ್ಯಗಾರ್ತಿ ತೂಕ ಎತ್ತಿದರೆ ಲಾಲಿತ್ಯ ಹೋಗುತ್ತದೆ, ಗಂಡಸರ ಹಾಗೆ ಮೈ ಬರುತ್ತದೆ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಹೆಂಗಸರ ಹಾರ್ಮೋನಿನಲ್ಲಿ ವಾರಕ್ಕೆ ಎರಡು ಮೂರು ದಿನದ ವ್ಯಾಯಾಮಕ್ಕೆ ಹಾಗೆ ಮೈ ಬರುವುದಿಲ್ಲ.

ಜಿಮ್‌ನವರು ಬಸ್ಕಿ ಹೊಡೆಸಿದ್ದರಲ್ಲಿ ತಪ್ಪಿಲ್ಲ, 100 ಹೊಡೆಸಿದ್ದು ತಪ್ಪು. ಇನ್ನು ವಾಕಿಂಗ್ ಮಾಡಿಕೊಂಡು ಸುಮ್ಮನಿರುವುದು ಅಪಾಯವಿಲ್ಲದ ದಾರಿ ಎನ್ನಿಸುತ್ತದೆ, ಆದರೆ ವಾಕಿಂಗ್ ಒಂದರಿಂದ ಸ್ನಾಯು ಮೂಳೆ ಗಟ್ಟಿಯಾಗುವುದು ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಹೇಳುತ್ತದೆ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಗೊಳಿಸುವ ವ್ಯಾಯಾಮ ಬೇಕು ಎನ್ನುತ್ತದೆ. ಆ ಎರಡನೇ ಮಾತನ್ನು ನಾವು ಬಿಟ್ಟುಬಿಡುತ್ತೇವೆ.

ನಾನು ನಿಮಗೆ ಹೇಳುವುದು ಹೀಗೆ. ಮೊದಲ ಆರು ವಾರ ತಟ್ಟುವುದು, ಹಾರುವುದು ಪೂರ್ತಿ ಬಂದ್. ಹಸ್ತಮುದ್ರೆ, ಕಣ್ಣು, ಅಭಿನಯ, ತಾಳ, ಇವನ್ನು ಕುರ್ಚಿಯಲ್ಲಿ ಕೂತು ದಿನಾ ಮಾಡಿ. ನೃತ್ಯದ ಸಂಪರ್ಕ ತಪ್ಪಬಾರದು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಅರ್ಧ ಗಂಟೆ ಕಾಲಿನ ಕೆಲಸ. ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ನಿಧಾನ ಎದ್ದು, ಮೂರು ಎಣಿಸುತ್ತಾ ಕೂರುವುದು, 10 ಸಲ. ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, 12 ಸಲ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಪ್ರತಿ ಕಾಲಿಗೆ 12. ಬಾಗಿಲ ಬಳಿಯ ಒಂದು ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು. ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿ ಕಾಲಲ್ಲಿ. ಒಂದೊಂದನ್ನೂ ಮೂರು ಸುತ್ತು. ಸುಲಭ ಅನ್ನಿಸಿದರೆ ಕೈಲಿ ಎರಡು ಲೀಟರಿನ ನೀರಿನ ಬಾಟಲಿ ಹಿಡಿಯಿರಿ, ಆಮೇಲೆ ಡಂಬೆಲ್. ಉಳಿದ ದಿನ ಚುರುಕಾಗಿ ನಡೆಯಿರಿ, ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ.

ಹಿಮ್ಮಡಿಗೆ ಇನ್ನೂ ಒಂದು. ಟವೆಲ್ ಸುರುಳಿ ಮಾಡಿ ಕಾಲ್ಬೆರಳ ಕೆಳಗಿಟ್ಟು ಹಿಮ್ಮಡಿ ಎತ್ತಿ. ಬೆಳಗ್ಗೆ ಮಂಚದಿಂದ ಇಳಿಯುವ ಮೊದಲು ಕೈಯಿಂದ ಬೆರಳು ಹಿಂದಕ್ಕೆಳೆದು ಅರ್ಧ ನಿಮಿಷ ಹಿಡಿಯಿರಿ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ. ಈ ನೋವು ಹೋಗಲು ತಿಂಗಳುಗಳೇ ಬೇಕಾಗಬಹುದು, ಎದೆಗುಂದಬೇಡಿ.

ನೋವಿದ್ದಾಗ ಮಾಡಬೇಕೇ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಮೂರರವರೆಗೆ ಇದ್ದು, ಮರುದಿನ ಬೆಳಗ್ಗೆಗೆ ಮೊದಲಿನಷ್ಟೇ ಆಗಿದ್ದರೆ ಮುಂದುವರಿಯಿರಿ. ಮರುದಿನವೂ ಜಾಸ್ತಿ ಇದ್ದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತು, ಮೂರನೇ ಒಂದು ಭಾಗ ಕಡಿಮೆ ಮಾಡಿ. ನಿಲ್ಲಿಸಬೇಡಿ. ಮಂಡಿಗೆ ಪಟ್ಟಿ ಹಾಕಿದರೆ ಧೈರ್ಯ ಬರುತ್ತದೆ, ಬಲ ಬರುವುದಿಲ್ಲ. ಮಂಡಿ ನೋವಿಗೆಂದು ಮಾರುವ ಗ್ಲುಕೋಸಮೈನ್ ಮಾತ್ರೆಗೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಹೆಸರುಕಾಳು ಕೊಳ್ಳಿ ಎನ್ನುತ್ತೇನೆ. ಆ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ.

ತಟ್ಟುವುದಕ್ಕೆ ವಾಪಸ್ ಹೋಗಲು ವಾರಗಳನ್ನು ಎಣಿಸಬೇಡಿ, ಕಾಲನ್ನು ಕೇಳಿ. ಒಂಟಿ ಕಾಲಲ್ಲಿ ಹಿಮ್ಮಡಿ 20 ಸಲ ಎತ್ತಬೇಕು, ಎರಡೂ ಕಾಲಿಗೆ ಸಮ. ಮೆಟ್ಟಿಲು ಇಳಿಯುವಾಗ ನೋವಿರಬಾರದು. ಆಗ ಒಂದನೇ ಕಾಲದಲ್ಲಿ, ಅಂದರೆ ಅತಿ ನಿಧಾನದ ಲಯದಲ್ಲಿ, ಹತ್ತು ನಿಮಿಷ ಅಡವು, ದಿನ ಬಿಟ್ಟು ದಿನ. ಎರಡನೇ ಕಾಲದಲ್ಲಿ ಅದೇ ನಿಮಿಷಕ್ಕೆ ಎರಡು ಪಟ್ಟು ತಟ್ಟು ಬೀಳುತ್ತದೆ, ಮೂರನೇ ಕಾಲದಲ್ಲಿ ನಾಲ್ಕು ಪಟ್ಟು. ಈ ಲೆಕ್ಕ ಪ್ರತಿ ನೃತ್ಯಗಾರ್ತಿಗೂ ತಾಳದಲ್ಲಿ ಗೊತ್ತು, ಮಂಡಿಯ ವಿಷಯದಲ್ಲಿ ಮಾತ್ರ ಮರೆಯುತ್ತಾರೆ. ಎರಡನೇ ಕಾಲಕ್ಕೆ ಮೂರು ನಾಲ್ಕು ವಾರ ಬಿಟ್ಟು ಹೋಗಿ. ಮೂರನೇ ಕಾಲ ಕೊನೆಯ ಎರಡು ತಿಂಗಳಿಗಿರಲಿ. ಮಂಡಿ ನೆಲಕ್ಕೆ ತಾಗಿಸುವ ಮಂಡಿ ಅಡವನ್ನು ಈ ಸಲ ಪೂರ್ತಿ ಬಿಡಿ. ಕಾಂಕ್ರೀಟ್ ಮೇಲಿನ ಟೈಲ್ಸ್ ಬೇಡ. ಮರದ ನೆಲ ಸಿಕ್ಕರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಜಾರದ ದಪ್ಪ ರಬ್ಬರ್ ಹಾಸು ಹಾಕಿ. ಪಾದವನ್ನು ಹೊಡೆಯಬೇಡಿ, ಇಡಿ. ಸದ್ದನ್ನು ಗೆಜ್ಜೆ ಮಾಡುತ್ತದೆ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಪ್ಪಾಯಿ ಬೇಕಾದರೆ ತಿನ್ನಿ, ಊಟದ ಬದಲು ಬೇಡ. ಬ್ಯಾಂಕಿನ ಡಬ್ಬಿಯಲ್ಲಿ ಅನ್ನ, ತಿಳಿಸಾರು, ಪಲ್ಯ ಇದ್ದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ನಿಮಗೆ ದಿನಕ್ಕೆ 65-70 ಗ್ರಾಂ ಬೇಕು. ಬೆಳಗ್ಗೆ ಎರಡು ಹೆಸರುಕಾಳಿನ ದೋಸೆಗೆ ಸುಮಾರು 14 ಗ್ರಾಂ. ಮಧ್ಯಾಹ್ನ ಗಟ್ಟಿ ಬೇಳೆ ಹುಳಿ ಮತ್ತು ಒಂದು ಬಟ್ಟಲು ಮೊಸರು ಸೇರಿ 15. ಸಂಜೆ ಕೋಡುಬಳೆ ಜಾಗದಲ್ಲಿ ಒಂದು ಹಿಡಿ ಹುರಿಗಡಲೆಗೆ 6. ರಾತ್ರಿ ಮುದ್ದೆ ಅಥವಾ ಚಪಾತಿ ಜೊತೆ ಮೊಳಕೆಕಾಳಿನ ಸಾರಿಗೆ 12. ಮಲಗುವ ಮುಂಚೆ ಒಂದು ಲೋಟ ಹಾಲಿಗೆ 6. ಉಳಿದದ್ದು ಅಕ್ಕಿ ಗೋಧಿ ರಾಗಿಯಿಂದ ಬರುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಮ್ಮ ಮೂಳೆಗೆ ಅದು ಬೇಕು. ಅನ್ನ ಬಿಡಬೇಡಿ, ತಟ್ಟೆಯಲ್ಲಿ ಅದರ ಜಾಗ ಸ್ವಲ್ಪ ಕಿರಿದು ಮಾಡಿ.

ಶುರು ಮಾಡುವ ಮೊದಲು ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸರಾಸರಿ ಸಕ್ಕರೆ, ಬಿ12, ವಿಟಮಿನ್ ಡಿ. ಬಿ.ಪಿ.ಯನ್ನೂ ನೋಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48% ಜನರಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇಟ್ಟುಕೊಂಡು 'ನನಗೆ ದಮ್ಮು ಸಾಲದು' ಎಂದು ಕೊರಗುವವರನ್ನು ನಾನು ತುಂಬಾ ನೋಡಿದ್ದೇನೆ.

ಕೊನೆಗೆ ನೀವು ಹಿಂಜರಿದು ಬರೆದ ವಿಷಯ. ಬರೆದದ್ದು ಬಹಳ ಒಳ್ಳೆಯದಾಯಿತು. ಹೆರಿಗೆಯಾದ ಹೆಂಗಸರಲ್ಲಿ ಮೂತ್ರ ಸೋರುವುದು ತುಂಬಾ ಸಾಮಾನ್ಯ. ಸಾಮಾನ್ಯ ಎಂದ ಮಾತ್ರಕ್ಕೆ ಸಹಿಸಿಕೊಂಡು ಇರಬೇಕಿಲ್ಲ. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯ ಹಾಗೆ ಇರುವ ಸ್ನಾಯುಗಳು ಸಡಿಲವಾಗಿವೆ, ಅವನ್ನು ಗಟ್ಟಿ ಮಾಡಬಹುದು. ಮೂತ್ರ ಮತ್ತು ಗಾಳಿ ಎರಡನ್ನೂ ತಡೆಯುವ ಹಾಗೆ ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಿ, ಉಸಿರು ಹಿಡಿಯಬೇಡಿ, ಕೆಲವು ಎಣಿಕೆ ತಡೆದು ಬಿಡಿ. ಒಂದು ಸಲಕ್ಕೆ 8, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಮೂತ್ರಕ್ಕೆ ಹೋದಾಗ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ. ಸರಿಯಾಗಿ ಎಳೆಯುತ್ತಿದ್ದೇನೆಯೇ ಎಂಬ ಅನುಮಾನ ಬಂದರೆ ಮಹಿಳೆಯರ ಫಿಸಿಯೋಥೆರಪಿ ಗೊತ್ತಿರುವವರಿಗೆ ಒಮ್ಮೆ ತೋರಿಸಿ. ಎಷ್ಟೋ ಜನ ತಿಳಿಯದೆ ಕೆಳಕ್ಕೆ ಮುಕ್ಕುತ್ತಿರುತ್ತಾರೆ. ಸೋರುವುದು ನಿಲ್ಲುವ ತನಕ ಎರಡನೇ ಕಾಲಕ್ಕೆ ಹೋಗಬೇಡಿ.

ವೇದಿಕೆಗೆ ಏನು ಆರಿಸಬೇಕು? ತಿಲ್ಲಾನ ಬೇಡ, ಅದರಲ್ಲಿ ವೇಗದ ಹೆಜ್ಜೆಯೇ ಜಾಸ್ತಿ. ಅಭಿನಯವೇ ಮುಖ್ಯವಾದ ಒಂದು ಪದ, ಜಾವಳಿ ಅಥವಾ ದೇವರನಾಮ ತೆಗೆದುಕೊಳ್ಳಿ. ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರು 1906ರಿಂದ 2002ರವರೆಗೆ ಬಾಳಿದರು. ಅವರಿಗೆ ಅಷ್ಟು ದೊಡ್ಡ ಹೆಸರು ತಂದದ್ದು ಅಭಿನಯ. ಮೈಸೂರು ಶೈಲಿಯ ಹೆಮ್ಮೆಯೇ ಅದು. ಎರಡು ಮಕ್ಕಳನ್ನು ಬೆಳೆಸಿದ 42ರ ಮುಖದಲ್ಲಿ ಯಶೋದೆ ಬರುವ ರೀತಿ 19ರಲ್ಲಿ ಬರುತ್ತಿರಲಿಲ್ಲ. ಮಧ್ಯೆ ಒಂದೆರಡು ಸಣ್ಣ ಜತಿ (ಅಡವುಗಳ ಜೋಡಣೆ) ಬೇಕೆನ್ನಿಸಿದರೆ ಇಟ್ಟುಕೊಳ್ಳಿ, ಆ ಹೊತ್ತಿಗೆ ಕಾಲು ಸಿದ್ಧವಾಗಿರುತ್ತದೆ. ಗುರುಗಳಿಗೆ ಈಗಲೇ ಫೋನ್ ಮಾಡಿ ಮಂಡಿಯ ವಿಷಯ ಹೇಳಿಬಿಡಿ. ಮುಚ್ಚಿಟ್ಟು ತಾಲೀಮಿಗೆ ಹೋದರೆ ಅವರು ಹಳೆಯ ಲೆಕ್ಕದಲ್ಲೇ ಕುಣಿಸುತ್ತಾರೆ.

ಇವತ್ತು ರಾತ್ರಿ ಗೋಡೆ ಹಿಡಿದು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ನೋಡಿ. ಹಿಮ್ಮಡಿ ನೋವು ಮೂರು ದಾಟಿದರೆ ಅಲ್ಲಿಗೆ ನಿಲ್ಲಿಸಿ. ಬಲಗಾಲು ಎಷ್ಟು, ಎಡಗಾಲು ಎಷ್ಟು, ಕ್ಯಾಲೆಂಡರ್ ಮೇಲೆ ಬರೆದಿಡಿ. ಆರು ವಾರ ಕಳೆದ ಮೇಲೆ ಮತ್ತೆ ಎಣಿಸಿ, ಎರಡೂ ಲೆಕ್ಕವನ್ನು ನನಗೆ ಬರೆದು ಕಳಿಸಿ.